ಸುತ್ತು ಬಿಡದ ಆರು ಅಂಕಿ

“ಕೇಳಿರಪ್ಪೋ ಕೇಳಿ! ಅರಸುಕುವರಿ ಚಂದಲೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಂದಿಗೆ ಮದುವೆ, ಜೊತೆಗೆ ಬೇಡಿದ ಒಂದು ವರ. ತಪ್ಪಿದವನಿಗೆ ಶೂಲ!”

ಹೊನ್ನಗುಡ್ಡದಲ್ಲಿ ಡಂಗುರ ಮೊಳಗಿತು. ಒಗಟು ಕುವರಿಯದು, ಶೂಲ ಮಾತ್ರ ಅವಳ ತಂದೆ ವೀರಮಲ್ಲನದು.

ಆಲೆಮನೆಯ ಆಳು ಚಿಕ್ಕೀರ ಅರಮನೆಗೆ ಬೆಲ್ಲ ತಂದವನು ಸಭೆಯ ಹಿಂದೆ ನಿಂತುಬಿಟ್ಟ.

“ಆರು ಅಂಕಿಯ ಒಂದು ಸಂಖ್ಯೆ,” ಎಂದಳು ಚಂದಲೆ. “ಎರಡರಿಂದ ಆರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು, ಅದೇ ಸುತ್ತು. ಶುರುವಾಗುವ ಜಾಗ ಮಾತ್ರ ಬೇರೆ. ಯಾವುದದು?”

ಒಬ್ಬ ರಾಜಕುಮಾರ ೧೨೩೪೫೬ ಎಂದ. ಇಮ್ಮಡಿಸಿದರೆ ಇಲ್ಲದ ಒಂಬತ್ತು ಬಂತು. ಎರಡನೆಯವನು, ಇನ್ನೂ ಮೀಸೆ ಮೂಡದವನು, ಆರೂ ಒಂದೇ ಎಂದ. ಇಮ್ಮಡಿಸಿದರೆ ಎಲ್ಲವೂ ಎರಡಾದವು. ಸಂಜೆ ಶೂಲಕ್ಕೇರಿಸಲು ಭಟರು ಇಬ್ಬರನ್ನೂ ಸೆರೆಗೆ ಎಳೆದೊಯ್ಯುವಾಗ ಆ ಹುಡುಗ ಅಮ್ಮನನ್ನು ಕರೆದು ಅತ್ತ. ಚಿಕ್ಕೀರನಿಗೆ ತಡೆಯಲಾಗಲಿಲ್ಲ.

“ಸುಮ್ಮನಿರಪ್ಪಾ,” ಪಕ್ಕದಲ್ಲಿದ್ದ ಅರಮನೆಯ ಅಡುಗೆಯವಳು ಅವನ ತೋಳು ಹಿಡಿದಳು. “ನೀನು ಸಾಕ್ತಿರೋ ತಬ್ಬಲಿ ಮಕ್ಕಳು ಆರು ಜನ ನಿನ್ನ ದಾರಿ ಕಾಯ್ತಿದ್ದಾವೆ.”

ಅವನು ಮುಂದೆ ಹೋಗಿಯೇಬಿಟ್ಟ. “೧೪೨೮೫೭, ಅಮ್ಮಣ್ಣಿ. ಇಮ್ಮಡಿಸಿದರೆ ೨೮೫೭೧೪, ಮುಮ್ಮಡಿಸಿದರೆ ೪೨೮೫೭೧.”

ಕರಣಿಕರು ಆರರವರೆಗೂ ಗುಣಿಸಿ ನೋಡಿ ತಲೆಯಾಡಿಸಿದರು.

“ಎರಡನೆಯ ಒಗಟು. ಅದನ್ನೇ ಏಳರಿಂದ ಗುಣಿಸಿದರೆ?” ಎಂದಳು ಚಂದಲೆ.

“ಸುತ್ತು ಮುರಿಯುತ್ತೆ. ಆರೂ ಒಂಬತ್ತಾಗುತ್ತವೆ.”

“ಅಂದರೆ ಹತ್ತು ಲಕ್ಷಕ್ಕೆ ಒಂದು ಕಡಿಮೆ. ಮೂರನೆಯ ಒಗಟು: ಆ ಒಂದು ಎಲ್ಲಿ ಹೋಯಿತು?”

ಇದನ್ನು ಚಿಕ್ಕೀರ ಯೋಚಿಸಿಯೇ ಇರಲಿಲ್ಲ. ಅರಸ ಭಟರತ್ತ ನೋಡಿದ.

“ಎಲ್ಲೂ ಹೋಗಿಲ್ಲ,” ಎಂದ ಚಿಕ್ಕೀರ ಕೊನೆಗೆ. “ಹಂಚಲಾಗದೆ ಉಳಿದಿದೆ. ಮನೆಯಲ್ಲಿ ನಾವು ಏಳು ಜನ, ಬೆಲ್ಲದ ಅಚ್ಚು ಒಂದು. ಹತ್ತು ಹೋಳು ಮಾಡಿದರೆ ತಲೆಗೊಂದು, ಉಳಿದದ್ದು ಮೂರು. ಆ ಮೂರನ್ನೂ ಹತ್ತತ್ತು ಮಾಡಿದರೆ ತಲೆಗೆ ನಾಲ್ಕು, ಉಳಿದದ್ದು ಎರಡು. ಹೀಗೇ ಮುಂದೆ ಎರಡು, ಎಂಟು, ಐದು, ಏಳು. ಅಷ್ಟು ಸಣ್ಣಗೆ ಚಾಕು ಕತ್ತರಿಸದು, ಮನಸ್ಸಿನಲ್ಲೇ ಕತ್ತರಿಸುತ್ತಿದ್ದೆ. ಆರನೆಯ ಸಲ ಹತ್ತು ಲಕ್ಷ ಚೂರಿನಲ್ಲಿ ಒಂದೇ ಒಂದು ಉಳಿಯುತ್ತೆ. ಒಂದರಿಂದ ಹೊರಟು ಒಂದಕ್ಕೇ ಬಂದೆ. ಅದಕ್ಕೇ ಅಂಕಿಗಳು ಸುತ್ತುತ್ತವೆ.”

ಸಭೆ ಹೋ ಎಂದಿತು. ಅರಸ ಗಡ್ಡ ಸವರಿ, “ವರ ಕೇಳು,” ಎಂದ.

“ಆ ಇಬ್ಬರನ್ನೂ ಮನೆಗೆ ಕಳಿಸಿ, ದೊರೆಗಳೇ.”

“ನಿನಗೇನೂ ಬೇಡವೇ?”

“ಇದೇ ನನಗೆ ಬೇಕಾದ್ದು.”

ಚಂದಲೆಯ ಕಣ್ಣು ತುಂಬಿತು. ಮೆಟ್ಟಿಲಿಳಿದು ಬಂದಳು. “ನಾನೂ ಬಂದರೆ ನಿಮ್ಮ ಮನೆಯಲ್ಲಿ ಎಂಟು ಜನ. ಆಗ?”

ಚಿಕ್ಕೀರ ಬೆರಳು ಮಡಿಸಿದ. “ಒಂದು, ಎರಡು, ಐದು. ಮೂರೇ ಸಲಕ್ಕೆ ಸರಿಹೋಯ್ತು. ಏನೂ ಉಳಿಯಲ್ಲ!”

ಅರಸನೂ ನಕ್ಕುಬಿಟ್ಟ, ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿದ. ತಿಂಗಳೊಳಗೆ ಮದುವೆಯಾಯಿತು. ಲೆಕ್ಕ ತಪ್ಪಿದ್ದಕ್ಕೆ ಹೊನ್ನಗುಡ್ಡದಲ್ಲಿ ಆಮೇಲೆ ಯಾರೂ ಶೂಲಕ್ಕೆ ಹೆದರಬೇಕಾಗಿ ಬರಲಿಲ್ಲ.