ರಾಯರ ಸೊಂಟ

ಸಕ್ಕರೆ ಕಾರ್ಖಾನೆಯ ಕ್ಲಬ್ಬಿನ ಹಿಂದೆ ಸುಣ್ಣದ ಗೆರೆ ಎಳೆದು ಬ್ಯಾಡ್ಮಿಂಟನ್ ಆಡುತ್ತಿದ್ದ ಕಾಲ ಅದು. ಸಂಜೆ ಸೈರನ್ ಕೂಗಿದರೆ ಸಾಕು, ಗುಮಾಸ್ತ ಪುಟ್ಟಬಸವಯ್ಯನ ಕೈ ರ‍್ಯಾಕೆಟ್ಟಿಗೆ ತುಡಿಯುತ್ತಿತ್ತು.

ಆ ವರ್ಷದ ಫೈನಲ್ಲಿನಲ್ಲಿ ಅವನಿಗೆ ಎದುರಾದವರು ಮ್ಯಾನೇಜರ್ ಶೇಷಗಿರಿರಾಯರು. ಸರ್ವಿಸ್ ಮಾಡುವಾಗ ಶಟಲನ್ನು ಸೊಂಟದ ಕೆಳಗಿನಿಂದಲೇ ಹೊಡೆಯಬೇಕು ಅನ್ನೋದು ಆಗಿನ ನಿಯಮ. ರಾಯರು ಎದೆಮಟ್ಟದಿಂದ ರಪ್ಪನೆ ಬಾರಿಸಿದರು.

"ಸಾರ್, ಸೊಂಟದ ಕೆಳಗೆ..." ಎಂದ ಪುಟ್ಟಬಸವಯ್ಯ.

ರಾಯರು ಪ್ಯಾಂಟನ್ನು ಎದೆಯವರೆಗೆ ಎಳೆದು ಬೆಲ್ಟ್ ಬಿಗಿದರು. "ಬೆಲ್ಟ್ ಎಲ್ಲಿರುತ್ತೋ ಅದೇ ಸೊಂಟ! ನನಗೇ ನಿಯಮ ಹೇಳ್ತೀಯೇನಯ್ಯಾ?"

ಅಂಪೈರು ಆಕಾಶ ನೋಡಿದ. ರಾಯರಿಗೆ ಎದುರಾಡಿ ಕೆಲಸ ಉಳಿಸಿಕೊಂಡವರಿರಲಿಲ್ಲ.

"ತಾವು ಹೇಳಿದ ಮೇಲೆ ಮುಗೀತು ಸಾರ್" ಎಂದ ಪುಟ್ಟಬಸವಯ್ಯ. ತನ್ನ ಸರದಿ ಬಂದಾಗ ಬೆಲ್ಟು ಬಿಚ್ಚಿ ತಲೆಗೆ ಸುತ್ತಿಕೊಂಡ. ಒಂದು ಕೈಯಲ್ಲಿ ಪ್ಯಾಂಟು ಹಿಡಿದು, ಹಲ್ಲಲ್ಲಿ ಕಚ್ಚಿದ್ದ ಶಟಲ್ ಬಿಟ್ಟು, ಗಲ್ಲದ ಹತ್ತಿರದಿಂದ ಛಟೀರೆಂದು ಹೊಡೆದ.

"ಇದೇನಯ್ಯಾ ಇದು?"

"ನನ್ನ ಸೊಂಟ ಸಾರ್. ಇವತ್ತು ಸ್ವಲ್ಪ ಮೇಲಕ್ಕೆ ಬಂದಿದೆ."

ಆಟ ನೋಡಲು ಕುಳಿತವರಲ್ಲಿ ಮೊದಲು ನಕ್ಕವರು ರಾಯರ ಹೆಂಡತಿ. ರಾಯರು ಕಣ್ಣು ಕೆಂಪಗೆ ಮಾಡಲು ನೋಡಿದರು. ಆದರೆ ಅವರ ಹೊಟ್ಟೆಯೇ ಕುಲುಕತೊಡಗಿತು. "ಇಳಿಸಯ್ಯಾ ಮಾರಾಯ, ಇಬ್ಬರೂ ಇಳಿಸೋಣ" ಎಂದು ನಗುತ್ತಲೇ ಬೆಲ್ಟು ಸಡಿಲಿಸಿದರು. ಪಂದ್ಯವನ್ನೂ ಸೋತರು.

ಈಗ ಸರ್ವಿಸ್ಸಿನ ಎತ್ತರವನ್ನು ನೆಲದಿಂದ ಅಳೆಯುತ್ತಾರೆ ಎಂದು ಮೊನ್ನೆ ಮೊಮ್ಮಗಳು ಹೇಳಿದಳು. ಮುದುಕ ಪುಟ್ಟಬಸವಯ್ಯನ ಕಣ್ಣು ತೇವವಾಯಿತು.

"ನಮ್ಮ ರಾಯರು ಇರಬೇಕಿತ್ತು ಕಣಮ್ಮಾ. ನೆಲವನ್ನೇ ಎತ್ತರಿಸುತ್ತಿದ್ದರು!"