ಸುಮ್ಮನೆ ನಿಂತ ಹುಡುಗಿ

ಒಂದು ತಾಲ್ಲೂಕು ಊರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಲ್ಯಾಕ್ರೋಸ್ ಎಂಬ ಹೊಸ ಆಟ ಬಂತು. ಕಲಿಸಿದವರು ವತ್ಸಲಾ ಅಕ್ಕೋರು. ಆ ಸೀಮೆಯ ಮಕ್ಕಳು ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಅಕ್ಕೋರು ಆಟದ ನಿಯಮ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ್ದರು. ಜಿಲ್ಲೆಯಲ್ಲಿ ಹಾಗೆ ಓದಿದವರು ಅವರೊಬ್ಬರೇ. ಕೆಟ್ಟದ್ದು ಅಲ್ಲಿಂದಲೇ ಶುರುವಾಯಿತು.

ಆಟ ನೋಡದ ಮಕ್ಕಳಿಗಾಗಿ ನಾಲ್ಕು ಮಾತು ಹೇಳಬೇಕು. ಪ್ರತಿ ಹುಡುಗಿಯ ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಬಲೆಯ ಚೀಲ. ಗಟ್ಟಿ ರಬ್ಬರಿನ ಚೆಂಡು ಆ ಬಲೆಯಲ್ಲೇ ಇರಬೇಕು, ಕೈ ತಾಗಿಸುವಂತಿಲ್ಲ. ಓಡುವಾಗ ಚೆಂಡು ಬೀಳದಂತೆ ಕೋಲನ್ನು ತೊಟ್ಟಿಲಿನ ಹಾಗೆ ತೂಗುತ್ತಾರೆ. ಅದಕ್ಕೆ ಕ್ರೇಡಲ್ ಎಂದೇ ಹೆಸರು. ಎದುರಾಳಿಯ ಕೋಲನ್ನು ತನ್ನ ಕೋಲಿನಿಂದ ತಟ್ಟಿ ಚೆಂಡು ಬೀಳಿಸಿದರೆ ಅದು ಚೆಕ್. ಚೆಕ್ ಮಾಡುವಾಗ ಕೋಲು ತಲೆಯ ಹತ್ತಿರ ಹೋದರೆ ಫೌಲ್. ನೆಲಕ್ಕೆ ಬಿದ್ದ ಚೆಂಡಿನ ಮೇಲೆ ಬಲೆಯನ್ನು ಬೋರಲು ಹಾಕಿ ಮುಚ್ಚಿಕೊಂಡರೂ ಫೌಲ್. ಗೋಲಿನ ಸುತ್ತ ಒಂದು ವೃತ್ತ ಎಳೆದಿರುತ್ತಾರೆ. ಅದು ಕ್ರೀಸ್. ಗೋಲು ಹೊಡೆಯಲು ಬಂದವಳ ಕಾಲು ಅದರೊಳಗೆ ಬಿದ್ದರೆ ಆ ಗೋಲು ಗೋಲೇ ಅಲ್ಲ.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು. ಕಾಣದ ತಪ್ಪು ಒಂದಿದೆ, ಶೂಟಿಂಗ್ ಸ್ಪೇಸ್. ಹುಡುಗಿಯರ ಆಟದಲ್ಲಿ ಗೋಲ್‌ಕೀಪರ್ ಒಬ್ಬಳನ್ನು ಬಿಟ್ಟು ಯಾರೂ ಹೆಲ್ಮೆಟ್ ಹಾಕುವುದಿಲ್ಲ. ಆದ್ದರಿಂದ ಚೆಂಡು ಹಿಡಿದವಳಿಗೂ ಗೋಲಿಗೂ ನಡುವಿನ ದಾರಿಯಲ್ಲಿ, ಎದುರಾಳಿಗಳಲ್ಲಿ ಯಾರನ್ನೂ ಹತ್ತಿರದಿಂದ ಕಾಯದೆ, ಬರಿದೇ ಅಡ್ಡ ನಿಲ್ಲಬಾರದು. ನಿಂತರೆ ನಿಂತವಳ ಫೌಲ್. ಹಾಗೆ ನಿಂತವಳ ಮೇಲೆ ಚೆಂಡು ಬೀಸಿದರೆ ಬೀಸಿದವಳದೂ ಫೌಲ್. ಒಬ್ಬರ ಜೀವವನ್ನು ಇಬ್ಬರೂ ಕಾಯಬೇಕು ಎಂದು ಮಾಡಿದ ನಿಯಮ ಇದು.

ಜಿಲ್ಲೆಯ ಅಂಪೈರುಗಳು ಎರಡು ದಿನದ ಶಿಬಿರದಲ್ಲಿ ಆಟ ಕಲಿತವರು. ಕಬಡ್ಡಿ, ಖೋಖೋ ನೋಡಿ ಪಳಗಿದ ಕಣ್ಣುಗಳು. ತಳ್ಳಿದರೆ, ಹೊಡೆದರೆ, ಗೆರೆ ದಾಟಿದರೆ ಸೀಟಿ ಊದುತ್ತಿದ್ದರು. ಸುಮ್ಮನೆ ನಿಂತ ಹುಡುಗಿ ಏನು ತಪ್ಪು ಮಾಡಿದಳೆಂದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಅಕ್ಕೋರು ಇದನ್ನು ಗಮನಿಸಿದರು.

ತಂಡದಲ್ಲಿ ನೀಲವ್ವ ಬಡಿಗೇರ ಎಂಬ ಹುಡುಗಿ ಇದ್ದಳು. ಎಂಟನೆಯ ತರಗತಿ. ಎತ್ತರದ ಆಳು, ಆದರೆ ಓಟ ಸಾಲದು. ತಂಡದಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬ ಸ್ಥಿತಿ. ಅಕ್ಕೋರು ಅವಳನ್ನು ಕರೆದು ಗೋಲಿನ ಮುಂದೆ ನಿಲ್ಲಿಸಿದರು.

"ನೀ ಓಡೂದು ಬ್ಯಾಡ. ಎದುರಿನ ಹುಡುಗಿ ಹೊಡಿಯಾಕ ಕೋಲು ಎತ್ತಿದಾಗ ಇಲ್ಲಿ ಬಂದು ನಿಂದ್ರು."

"ಮಾರಿಗೆ ಬಡದ್ರ ಹೆಂಗ್ರೀ ಅಕ್ಕೋರ?"

"ಯಾ ಹುಡುಗೀನೂ ಇನ್ನೊಬ್ಬಾಕಿ ಮಾರಿ ನೋಡಿ ಹೊಡಿಯಂಗಿಲ್ಲ. ನಿಂದ್ರತಾಳ. ಆಕಿ ನಿಂತ ಕೂಡ್ಲೆ ಹಿಂದಿನಿಂದ ನಮ್ಮವರು ಬಂದು ಚೆಕ್ ಮಾಡ್ತಾರ."

ನೀಲವ್ವ ಅಕ್ಕೋರ ನಿಯಮ ಪುಸ್ತಕ ತೆರೆದು ನೋಡಿದಳು. ಓದು ಬರುವ ಹುಡುಗಿ. ಮರುದಿನ ಪುಟಕ್ಕೆ ಬೆರಳಿಟ್ಟುಕೊಂಡೇ ಬಂದಳು.

"ಇದು ಫೌಲ್ ಅಂತ ಬರದೈತ್ರೀ."

"ಸೀಟಿ ಊದಿದ್ರ ಫೌಲ್. ಊದಲಿಲ್ಲಂದ್ರ ಆಟ," ಅಂದರು ಅಕ್ಕೋರು. "ನಿನಗ ಒಲ್ಲೆ ಅನಿಸಿದ್ರ ಹೇಳು. ನಿನ್ನ ಬದಲಿ ಗಂಗವ್ವ ನಿಂದ್ರತಾಳ."

ನೀಲವ್ವನಿಗೆ ತಂಡದ ಕೆಂಪು ಜೆರ್ಸಿ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ಅವಳು ನಿಂತಳು.

ಆ ವರ್ಷ ಜಿಲ್ಲಾ ಫೈನಲಿನಲ್ಲಿ ಎದುರಾದದ್ದು ಪಕ್ಕದ ತಾಲ್ಲೂಕಿನ ತಂಡ. ಅವರಲ್ಲಿ ಕಸ್ತೂರಿ ತಳವಾರ ಎಂಬವಳು ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದಳು. ಆ ಪಂದ್ಯದಲ್ಲಿ ಅವಳು ನಾಲ್ಕು ಸಲ ಗೋಲಿನ ಎದುರಿಗೆ ಬಂದಳು. ನಾಲ್ಕು ಸಲವೂ ನೀಲವ್ವ ಅಡ್ಡ ಬಂದು ನಿಂತಳು. ನಾಲ್ಕು ಸಲವೂ ಕಸ್ತೂರಿ ಎತ್ತಿದ ಕೋಲನ್ನು ಇಳಿಸಿ ಅಂಪೈರಿನ ಮುಖ ನೋಡಿದಳು. ಅಂಪೈರು "ಆಡ್ರಿ, ಆಡ್ರಿ" ಎಂದು ಕೈ ಬೀಸಿದರು. ಅಷ್ಟರಲ್ಲಿ ಹಿಂದಿನಿಂದ ಚೆಕ್ ಬೀಳುತ್ತಿತ್ತು, ಚೆಂಡು ನೆಲಕ್ಕೆ ಉರುಳುತ್ತಿತ್ತು. ಒಂದೇ ಗೋಲಿನ ಅಂತರದಲ್ಲಿ ಅವಳ ತಂಡ ಸೋತಿತು.

ಪಂದ್ಯ ಮುಗಿದ ಮೇಲೆ ಕಸ್ತೂರಿ ನೀರಿನ ಟ್ಯಾಂಕಿನ ಹತ್ತಿರ ನೀಲವ್ವನನ್ನು ಹಿಡಿದಳು. ಜಗಳಕ್ಕಲ್ಲ, ಕೇಳಲು.

"ಏ ಉದ್ದನ್ನಾಕಿ, ನಾ ಹೊಡದುಬಿಟ್ಟಿದ್ರ ಏನ್ ಮಾಡ್ತಿದ್ದಿ?"

"ನೀ ಹೊಡಿಯಾಕಿ ಅಲ್ಲಂತ ನಮ್ಮ ಅಕ್ಕೋರಿಗೆ ಗೊತ್ತೈತಿ," ಎಂದು ನೀಲವ್ವ ನಕ್ಕಳು.

ಪಕ್ಕದಲ್ಲಿದ್ದ ಹುಡುಗಿಯರೂ ನಕ್ಕರು. ಒಬ್ಬಳು, "ನೀಲವ್ವನ ಮಾರಿ ಕಂಡ್ರ ಸಾಕು, ಈ ಕಸ್ತೂರಿ ದೇವರ ಗುಡಿ ಮುಂದ ಬಂದೋರಗತೆ ಕೈ ಮುಗದು ನಿಂದ್ರತಾಳ ನೋಡವ್ವಾ," ಅಂದಳು.

ಕಸ್ತೂರಿ ತನ್ನ ತಂಡದ ಕಡೆಗೆ ಹೋದಳು. ಅಲ್ಲಿ ಯಾರೂ ಅವಳ ಜೊತೆ ಮಾತಾಡಲಿಲ್ಲ. ಅವರ ಮಾಸ್ತರು ಎಲ್ಲರ ಎದುರಿಗೇ ಅಂದರು: "ಎಲ್ಲಾರ ಮಾರಿ ನೋಡಕೋತ ನಿಂದ್ರೂದಿದ್ರ ಕೋಲು ಯಾಕ ಹಿಡದಿ? ಕ್ಯಾಮೆರಾ ಹಿಡಿ." ಮುಂದಿನ ಎರಡು ಪಂದ್ಯಗಳಲ್ಲಿ ಅವಳನ್ನು ಹೊರಗೆ ಕೂರಿಸಿದರು. ಒಂದು ಮುಖ ಒಡೆಯದೆ ಬಿಟ್ಟದ್ದಕ್ಕೆ ಆ ಹುಡುಗಿಗೆ ಸಿಕ್ಕ ಬಹುಮಾನ ಇದು. ಅವಳು ಸರಿಯಾದದ್ದನ್ನು ಮಾಡಿದಳೆಂದು ಹೇಳಿದವರು ಎರಡೂ ಶಾಲೆಗಳಲ್ಲಿ ಒಬ್ಬರೂ ಇರಲಿಲ್ಲ.

ಅಕ್ಕೋರ ತಂಡ ಇಡೀ ವರ್ಷ ಗೆದ್ದಿತು. ಬೇರೆ ಬೇರೆ ಶಾಲೆಗಳ ಹುಡುಗಿಯರು ನೀಲವ್ವನ ಮುಖ ಕಂಡು ಒಟ್ಟು ಹದಿನೇಳು ಸಲ ಕೋಲು ಇಳಿಸಿದರು. ಹದಿನೇಳು ಸಲ ಯಾರೂ ಸೀಟಿ ಊದಲಿಲ್ಲ. ಮೊದಮೊದಲು ನೀಲವ್ವ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಆಮೇಲೆ ತೆರೆದುಕೊಂಡು ನಿಂತಳು. ಕೊನೆಕೊನೆಗೆ ಕೋಲನ್ನು ನೆಲಕ್ಕೆ ಊರಿ, ಬಸ್ಸಿಗೆ ಕಾಯುವವರ ಹಾಗೆ ನಿಲ್ಲುವುದನ್ನು ಕಲಿತಳು.

ಮರುವರ್ಷದ ಫೈನಲಿಗೆ ಮತ್ತೆ ಅವೇ ಎರಡು ತಂಡಗಳು. ಅಂಪೈರು ಮಾತ್ರ ಬೇರೆ. ಹೊರ ಜಿಲ್ಲೆಯಿಂದ ಬಂದ ಒಬ್ಬ ಹೆಂಗಸು, ಆಟವನ್ನು ಬಲ್ಲವರು. ಅಕ್ಕೋರಿಗೆ ಇದು ಬೆಳಿಗ್ಗೆಯೇ ತಿಳಿದಿತ್ತು. ನೀಲವ್ವನಿಗೆ ಇವತ್ತು ನಿಲ್ಲಬೇಡ ಎಂದು ಹೇಳಲು ಅವರಿಗೆ ಇಡೀ ಬೆಳಗಿನ ಹೊತ್ತು ಇತ್ತು. ಅವರು ಬೇರೆಯದನ್ನೇ ಯೋಚಿಸಿದರು. ಊದಿದರೆ ಊದಲಿ, ಒಂದು ಫೌಲ್ ತಾನೆ, ಗೋಲಂತೂ ತಪ್ಪುತ್ತದೆ.

ಆಟ ಸಮಸಮವಾಗಿ ಹೊರಟಿತು. ಮೂರನೆಯ ಭಾಗದಲ್ಲಿ ಕಸ್ತೂರಿಗೆ ಚೆಂಡು ಸಿಕ್ಕಿತು. ಕೋಲು ತೂಗುತ್ತಾ ಇಬ್ಬರನ್ನು ದಾಟಿದಳು. ನೀಲವ್ವ ಬಂದು ನಿಂತಳು. ಮುಖ ಕಂಡಿತು. ಕಸ್ತೂರಿ ಒಂದು ಕ್ಷಣ ನೋಡಿದಳು. ನೋಡಿಯೇ ಹೊಡೆದಳು.

ಚೆಂಡು ನೀಲವ್ವನ ಎಡಗಣ್ಣಿಗೆ ಬಡಿಯಿತು. ಹಲ್ಲಿಗೆ ರಬ್ಬರ್ ಗಾರ್ಡ್ ಇತ್ತು, ಕಣ್ಣಿಗೆ ಏನೂ ಇರಲಿಲ್ಲ. ಅಂಪೈರು ಸೀಟಿ ಊದಿದರು. ಹುಡುಗಿಯರ ಆಟದಲ್ಲಿ ಸೀಟಿ ಊದಿದ ಕೂಡಲೇ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ನೀಲವ್ವನೊಬ್ಬಳನ್ನು ಬಿಟ್ಟು ಎಲ್ಲರೂ ನಿಂತಿದ್ದರು.

ಅವಳನ್ನು ಇಬ್ಬರು ಎತ್ತಿಕೊಂಡು ಹೊರಗೆ ಓಡಿದರು. ಅಕ್ಕೋರು ಓಡಿದ್ದು ಅಂಪೈರಿನ ಕಡೆಗೆ.

"ಆಕಿ ಬೇಕಂತ ಹೊಡದಾಳ್ರೀ. ಹುಡುಗಿ ಕಂಡೂ ಹೊಡದಾಳ."

"ಹೌದು. ಅಪಾಯದ ಹೊಡೆತ. ಹಳದಿ ಕಾರ್ಡು ಕೊಟ್ಟೀನಿ, ಎರಡು ನಿಮಿಷ ಹೊರಗ ಇರ್ತಾಳ."

"ಎರಡ ನಿಮಿಷ?"

"ಪುಸ್ತಕದಾಗ ಇರೂದು ಅಷ್ಟ. ನಿಮ್ಮ ಹುಡುಗೀದೂ ಫೌಲ್ ಐತಿ. ಶೂಟಿಂಗ್ ಸ್ಪೇಸ್. ಅದನ್ನೂ ಬರಕೊಂಡೀನಿ."

"ಹೋದ ವರ್ಷ ಇಡೀ ಆಟದಾಗ ಇದಕ್ಕ ಯಾರೂ ಊದಿದ್ದಿಲ್ರೀ."

"ಊದಬೇಕಿತ್ತು," ಎಂದರು ಅಂಪೈರು. "ಊದಿದ್ರ ಈ ಹುಡುಗಿ ಇವತ್ತು ಅಲ್ಲಿ ನಿಂದ್ರತಿರಲಿಲ್ಲ."

ಕಸ್ತೂರಿ ಎರಡು ನಿಮಿಷ ಹೊರಗೆ ನಿಂತಳು. ಅವಳ ಮಾಸ್ತರು ಬಂದು ಬೆನ್ನು ತಟ್ಟಿದರು. ಹೋದ ವರ್ಷ ಹೊಡೆಯದೆ ಬಿಟ್ಟಾಗ ಏಳದ ಕೈ ಈ ವರ್ಷ ಎದ್ದಿತು. ಹೊತ್ತು ಮುಗಿದ ಮೇಲೆ ಅವಳು ಒಳಗೆ ಬಂದಳು. ಅವಳ ಎದುರಿಗೆ ನಿಲ್ಲಲು ಈಗ ಯಾರಿಗೂ ಧೈರ್ಯ ಇರಲಿಲ್ಲ. ಮೂರು ಗೋಲು ಹೊಡೆದಳು. ಕಪ್ ಅವಳ ಶಾಲೆಗೆ ಹೋಯಿತು. ರಾಜ್ಯ ತಂಡಕ್ಕೂ ಅವಳನ್ನು ಆರಿಸಿದರು. ಆಮೇಲೆ ಯಾವ ಮುಖ ಕಂಡರೂ ಅವಳು ಕೋಲು ಇಳಿಸಲಿಲ್ಲ ಎಂದು ಅವಳ ಜೊತೆ ಆಡಿದವರು ಹೇಳುತ್ತಾರೆ.

ನೀಲವ್ವನಿಗೆ ಎರಡು ಆಪರೇಷನ್ ಆದವು. ಎಡಗಣ್ಣಿಗೆ ಬೆಳಕು ಬರಲಿಲ್ಲ. ಆಟದ ವೇಳೆ ಸಂಭವಿಸಿದ ಆಕಸ್ಮಿಕ ಎಂದು ಶಾಲೆಯ ವರದಿಯಲ್ಲಿ ಬರೆದರು. ಕೆಳಗೆ ಸಹಿ ಹಾಕಿದವರು ವತ್ಸಲಾ ಅಕ್ಕೋರು.

ಎರಡು ತಿಂಗಳ ಮೇಲೆ ನೀಲವ್ವ ಶಾಲೆಗೆ ಬಂದಳು. ಅಕ್ಕೋರು ತಾವಾಗಿಯೇ ಅವಳ ಬೆಂಚಿನ ಹತ್ತಿರ ಹೋಗಿ ಕೂತರು. ಮಾತಿಗೆ ಮುಂಚೆ ಅತ್ತರು. ಹುಡುಗಿ ಅವರ ಅಳು ಮುಗಿಯುವವರೆಗೆ ಕಾದಳು.

"ಅಕ್ಕೋರ, ಒಂದು ಕೇಳಲ್ರೀ?"

"ಕೇಳವ್ವಾ."

"ಆಕಿ ಹೊಡಿಯಂಗಿಲ್ಲಂತ ನಿಮಗ ಹೆಂಗ ಗೊತ್ತಿತ್ತು?"

ಅಕ್ಕೋರು ನಿಜವನ್ನೇ ಹೇಳಿದರು. "ಆಕಿ ಛಲೋ ಹುಡುಗಿ ಅಂತ ಗೊತ್ತಿತ್ತವ್ವಾ."

"ಇದ್ಲು ಬಿಡ್ರಿ," ಅಂದಳು ನೀಲವ್ವ. "ಆ ಛಲೋತನ ನಾವ ಬಿಡಿಸಿದ್ವಿ."

ನೀತಿ: ಎದುರಿಗಿರುವವರು ಒಳ್ಳೆಯವರು, ತಪ್ಪು ಮಾಡಲಾರರು ಎಂಬ ಧೈರ್ಯದ ಮೇಲೆ ತಾನು ತಪ್ಪು ಮಾಡುವವನು ಅವರ ಒಳ್ಳೆಯತನವನ್ನು ಪ್ರತಿ ಸಲವೂ ಒಂದಿಷ್ಟು ಸವೆಸುತ್ತಾನೆ. ಅದು ಸವೆದು ಮುಗಿದ ದಿನ ಪೆಟ್ಟು ಬೀಳುವುದು ತಪ್ಪನ್ನು ಕಲಿಸಿದವರಿಗಲ್ಲ. ಅವರ ಮಾತು ಕೇಳಿ ಮುಂದೆ ಹೋಗಿ ನಿಂತ ಮಗುವಿಗೆ.