ದಿವಾನರ ಭಾರೀ ಕೈಗಡಿಯಾರ

ತೊಗರಿಪುರ ಅಂತ ಒಂದು ರಾಜ್ಯವಿತ್ತು. ಎಲ್ಲಿತ್ತು, ಯಾವಾಗ ಇತ್ತು ಅಂತ ನಡುವೆ ಬಾಯಿ ಹಾಕಬೇಡಿ, ಕಥೆ ಕೆಡುತ್ತದೆ. ಅಲ್ಲೊಬ್ಬ ದೊರೆ, ಮಲ್ಲಭೂಪ ಅಂತ. ಮನುಷ್ಯ ಒಳ್ಳೆಯವನೇ. ಆದರೆ ಯಾರಾದರೂ ಹೊಗಳಿದರೆ ಸಾಕು, ಬೆಣ್ಣೆಯ ಹಾಗೆ ಕರಗಿಬಿಡುತ್ತಿದ್ದ.

ಆ ದೊರೆಗೊಬ್ಬ ದಿವಾನ, ಭೈರೋಜಿ. ಅವನ ಮೀಸೆ ದಪ್ಪ, ಮಾತು ಅದಕ್ಕಿಂತ ದಪ್ಪ. ಒಂದು ದಿನ ಅವನು ದೊರೆಯ ಕಿವಿ ಊದಿದ.

"ಮಹಾರಾಜರೇ, ದೊಡ್ಡ ಮನುಷ್ಯರ ಕೈಗೆ ಒಂದು ತೂಕ ಬೇಡವೇ? ಯಾರ ಕೈಗಡಿಯಾರ ಎಷ್ಟು ಭಾರವೋ ಅವರ ಮಾನ ಅಷ್ಟು. ಹಗುರ ಗಡಿಯಾರ ಕಟ್ಟಿದವರು ಹಗುರ ಜನ. ಏನಂತೀರಿ?"

"ಭಲೇ!" ಅಂದ ದೊರೆ. ಆಯ್ತು, ಡಂಗುರ ಸಾರಿಸಿಯೇ ಬಿಟ್ಟ. ಅರಮನೆಯಲ್ಲಿ ಇರುವವರೆಲ್ಲ ಬಲಗೈಗೆ ಭಾರದ ಗಡಿಯಾರ ಕಟ್ಟಬೇಕು. ಕಟ್ಟದವರಿಗೆ ಅರಮನೆಯಲ್ಲಿ ಜಾಗ ಇಲ್ಲ.

ಶುರುವಾಯಿತು ನೋಡಿ ಫಜೀತಿ. ಬೆಳಿಗ್ಗೆ ಆಸ್ಥಾನದಲ್ಲಿ ಎಲ್ಲರೂ ಬಲಗೈ ಹಣೆಗೆ ಎತ್ತಿ ದೊರೆಗೆ ಮುಜರೆ ಮಾಡಬೇಕು. ದೊರೆ "ಸಾಕು" ಅನ್ನುವವರೆಗೆ ಕೈ ಇಳಿಸುವ ಹಾಗಿಲ್ಲ. ಸೇನಾಪತಿಯ ಕೈ ಗಡಗಡ ನಡುಗುತ್ತಿತ್ತು. ಖಜಾಂಚಿಯ ಕೈ ಜಾರಿ ಅವನ ಮೂಗಿಗೇ ಬಡಿಯುತ್ತಿತ್ತು. ರಾಜಗುರುಗಳು ಎಡಗೈಯಿಂದ ಬಲಗೈಯನ್ನು ಹಿಡಿದು ನಿಲ್ಲಿಸುತ್ತಿದ್ದರು, ಪಾಪ, ವಯಸ್ಸಾದವರು. ಭೈರೋಜಿಯ ಕೈ ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಅವನ ಗಡಿಯಾರವೋ ಎಲ್ಲರದಕ್ಕಿಂತ ದೊಡ್ಡದು, ಬಂಗಾರದ್ದು, ಒಂದು ಸಣ್ಣ ತಟ್ಟೆಯಷ್ಟು ಅಗಲ!

"ನೋಡಿ, ಇದು ಸ್ವಾಮಿಭಕ್ತಿ ಅಂದರೆ!" ಅನ್ನುತ್ತಿದ್ದ ದೊರೆ. ಕೈ ಇಳಿಸಿದವರ ಅಧಿಕಾರವನ್ನೆಲ್ಲ ಒಂದೊಂದಾಗಿ ಭೈರೋಜಿಗೆ ಕೊಡುತ್ತಾ ಹೋದ.

ದೊರೆಗೇನು ಸುಖವಿತ್ತು ಅಂತೀರಾ? ಅವನ ಬಲಗೈಯಲ್ಲೂ ಭಾರದ ಗಡಿಯಾರವೇ. ಊಟಕ್ಕೆ ಕೂತರೆ ತುತ್ತು ಬಾಯಿಗೆ ಬರುತ್ತಿರಲಿಲ್ಲ, ಬಾಯಿಯೇ ಬಗ್ಗಿ ತುತ್ತಿನ ಹತ್ತಿರ ಹೋಗುತ್ತಿತ್ತು. ಆದರೆ ಬಾಯಿಬಿಟ್ಟು ಹೇಳಲಿಕ್ಕೆ ನಾಚಿಕೆ. ತಾನೇ ಹೊರಡಿಸಿದ ಅಪ್ಪಣೆ ಅಲ್ಲವೇ?

ಈ ಅಪ್ಪಣೆ ಒಂದು ದಿನ ಅಡಿಗೆಮನೆಗೂ ಬಂತು. ಅಲ್ಲಿ ರೊಟ್ಟಿ ಬಡಿಯುವವಳು ಶಾವಂತ್ರವ್ವ. ಅವಳು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ಮೀಸೆ ಕಾಣುತ್ತಿತ್ತು, ಅಷ್ಟು ತೆಳು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಒಲೆಯ ಹಿಂದಿನ ಪುಟ್ಟ ಕೋಣೆಯೇ ಅವಳ ಮನೆ. ಬಾಯಿ ಮಾತ್ರ ಯಾರಿಗೂ ಬಗ್ಗುವಂಥದಲ್ಲ.

ಅವಳ ಕೈಗೆ ತಾಮ್ರದ ಗಡಿಯಾರ ಬಂತು. ಕಟ್ಟಿಕೊಂಡು ರೊಟ್ಟಿ ಬಡಿದಳು. ಅಂಚೆಲ್ಲ ಒಡೆಯಿತು. ದೊರೆ ಮುಖ ಹುಳಿ ಮಾಡಿಕೊಂಡ. ಭೈರೋಜಿ, "ಕೈಗೆ ರೂಢಿ ಇಲ್ಲ, ಅಷ್ಟೇ. ಇನ್ನೂ ಭಾರದ್ದು ಕಟ್ಟಿದರೆ ಸರಿಹೋಗುತ್ತದೆ" ಅಂದ.

ಕಂಚಿನದು ಬಂತು. ಕಟ್ಟಿಕೊಂಡು ಬಡಿದಳು. ರೊಟ್ಟಿ ಒಂದು ಕಡೆ ಚಾಪೆ, ಇನ್ನೊಂದು ಕಡೆ ದಿಂಬು. ದೊರೆ ಅರ್ಧ ತಿಂದು ಎದ್ದ. ಭೈರೋಜಿ, "ಇನ್ನೂ ಭಾರದ್ದು ಕಟ್ಟಿ!" ಅಂದ.

ಕಬ್ಬಿಣದ್ದು ಬಂತು. ಅದನ್ನು ಕಟ್ಟಿಕೊಂಡ ಮೇಲೆ ಕೈ ಎತ್ತಿದರೆ ನಿಲ್ಲದು, ಇಳಿಸಿದರೆ ಏಳದು. ರೊಟ್ಟಿ ಹಲಗೆಯ ಹಾಗಾಯಿತು. ದೊರೆ ಕಚ್ಚಿದ. ಕಟಕ್! ಹಲ್ಲು ಅಲುಗಾಡಿತು. ಕೆನ್ನೆ ಹಿಡಿದುಕೊಂಡು ದೊರೆ ಗುಡುಗಿದ.

"ನಾಳೆ ಮಧ್ಯಾಹ್ನ ರೊಟ್ಟಿ ನೆಟ್ಟಗೆ ಬರಲಿಲ್ಲ ಅಂದರೆ ಗಂಟುಮೂಟೆ ಕಟ್ಟು!"

ಶಾವಂತ್ರವ್ವ ಈ ಒಲೆ ಬಿಟ್ಟರೆ ಎಲ್ಲಿಗೆ ಹೋಗಬೇಕು? ಓಡಿಹೋಗಿ ಭೈರೋಜಿಯ ಮುಂದೆ ನಿಂತಳು.

"ದಿವಾನರ, ಮಣಿಕಟ್ಟು ಬಾತೈತ್ರಿ. ರೊಟ್ಟಿ ಬಡಿಯೂ ಹೊತ್ತಿನಾಗರ ಇದನ್ನ ಬಿಚ್ಚಿಡಾಕ ಬಿಡ್ರಿ. ನಿಮಗ ಪುಣ್ಯ ಬರತೈತಿ."

"ಏನಂದಿ? ಮಹಾರಾಜರ ಅಪ್ಪಣೆ ಬಿಚ್ಚಿಡುತ್ತೀಯಾ?" ಅಂತ ಭೈರೋಜಿ ಬೆರಳು ಆಡಿಸಿ ಬೈಯಲಿಕ್ಕೆ ಶುರುಮಾಡಿದ. "ಸೋಮಾರಿ! ಮೈಗಳ್ಳಿ! ಉಂಡಾಡಿ!"

ಬೈಗುಳ ಶಾವಂತ್ರವ್ವನ ಕಿವಿಗೆ ಬೀಳಲೇ ಇಲ್ಲ. ಅವಳು ಆ ಬೆರಳನ್ನೇ ನೋಡುತ್ತಿದ್ದಳು. ಬೆರಳು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಬಲಗೈ ಬೆರಳು! ತಟ್ಟೆಯಷ್ಟು ಗಡಿಯಾರ ಕಟ್ಟಿದ ಕೈ, ಬೀಸಣಿಗೆಯ ಹಾಗೆ ಆಡುತ್ತಿದೆ! ತನಗೋ ಹಣೆಯ ಬೆವರು ಒರೆಸಿಕೊಳ್ಳಲಿಕ್ಕೂ ಆ ಕೈ ಏಳುತ್ತಿಲ್ಲ.

'ಓಹೋ, ಇದಾ ನಿನ್ನ ಆಟ?' ಅಂದುಕೊಂಡಳು. ಅಳು ಬರುವಂತಿದ್ದವಳಿಗೆ ಈಗ ನಗು ತಡೆಯುವುದೇ ಕಷ್ಟವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದಳು.

ಮರುದಿನ ಮಧ್ಯಾಹ್ನ ಊಟದ ಸಾಲಿನ ಎದುರಿಗೇ ಒಲೆ ಹೂಡಿದಳು. ಹಂಚು ಇಟ್ಟಳು, ಹಿಟ್ಟು ನಾದಿದಳು. ಆಮೇಲೆ ದೊರೆಗೆ ಕೈಮುಗಿಯಲು ಹೋಗಿ, ಅರ್ಧಕ್ಕೇ ಕೈ ಬಿಟ್ಟಳು.

"ದೊರಿ, ನನ್ನ ಕೈಯಾಗ ಶಕ್ತಿ ಇಲ್ಲ. ಶಕ್ತಿ ಅಂದ್ರ ನಮ್ಮ ದಿವಾನರದು. ಅವರ ಗಡಿಯಾರ ಒಂದೂಟದ ಮಟ್ಟಿಗೆ ನನ್ನ ಕೈಗೆ ಕಟ್ಟಿದ್ರ, ಅವರ ಶಕ್ತಿ ನನಗೂ ಬರಬಹುದು. ಅಲ್ಲೀತನಕ ನನ್ನದು ಅವರು ಕಟ್ಟಿಕೊಳ್ಳಲಿ. ಅವರಿಗೆ ಅದೇನು, ಹೂವಿನ ಸಮ!"

ಭೈರೋಜಿಯ ಮೀಸೆ ಜೋತುಬಿತ್ತು. "ಛೇ, ಅದು ಹೆಂಗಸರಿಗೆ ಭಾರ" ಅಂದ.

"ಭಾರ ಆದಷ್ಟೂ ಕೈ ಗಟ್ಟಿ ಆಗತೈತಿ ಅಂತ ನೀವ ಅಂದಿದ್ರಲ್ಲರೀ?"

"ಅದಕ್ಕೆ ಹಿಟ್ಟು ಮೆತ್ತುತ್ತದೆ."

"ತೊಳೆದು ಕೊಡ್ತೀನ್ರಿ."

"ಅದು... ಅದು ನಮ್ಮ ಅಜ್ಜ ಕಟ್ಟಿದ್ದು, ಬಿಚ್ಚುವ ಹಾಗಿಲ್ಲ!"

"ಅಜ್ಜ ಬಿಚ್ಚಲಾರದ, ನಿಮ್ಮ ಕೈಗೆ ಹೆಂಗ ಬಂತ್ರೀ ಅದು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊರೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು. "ದಿವಾನರೇ, ಬಿಚ್ಚಿ ಕೊಡಿ. ಹಸಿವಾಗಿದೆ!" ಅಂದ. ದೊರೆ ಹೇಳಿದ ಮೇಲೆ ಇನ್ನೇನು ಮಾಡುತ್ತಾನೆ? ಬಿಚ್ಚಿಕೊಟ್ಟ. ಕಬ್ಬಿಣದ್ದು ಅವನ ಕೈ ಏರಿತು.

ಬಂಗಾರದ ಗಡಿಯಾರ ಕೈಗೆ ಬಿದ್ದ ಕೂಡಲೇ ಶಾವಂತ್ರವ್ವನಿಗೆ ಎಲ್ಲ ತಿಳಿಯಿತು. ಆದರೆ ಆ ಕಿಲಾಡಿ ಹೆಂಗಸು ತೋರಿಸಿಕೊಳ್ಳಬೇಕಲ್ಲ! "ಅಯ್ಯಯ್ಯಯ್ಯೋ, ಏನ್ ಭಾರ್ರೀ ಇದು!" ಅಂತ ನೆಲಕ್ಕೇ ಬಗ್ಗಿಬಿಟ್ಟಳು. ಭೈರೋಜಿ ಉಸಿರು ಬಿಟ್ಟು ಹಣೆ ಒರೆಸಿಕೊಂಡ. ಅದೂ ಎಡಗೈಯಿಂದ.

ಆಮೇಲೆ ಶುರುವಾಯಿತು ಬಡಿತ. ಪಟಪಟ ಪಟಪಟ! ರೊಟ್ಟಿ ಗರಗರ ತಿರುಗಿತು, ಹಂಚಿನ ಮೇಲೆ ಬುಸ್ಸನೆ ಉಬ್ಬಿತು. ದೊರೆ ಬಿಸಿಬಿಸಿ ರೊಟ್ಟಿ ಮುರಿದು, ಜುಣಕದ ಜೊತೆ ಬಾಯಿಗೆ ಇಟ್ಟು ಕಣ್ಣು ಮುಚ್ಚಿಕೊಂಡ.

"ಎಲ್ಲಾ ದಿವಾನರ ಗಡಿಯಾರದ ಪುಣ್ಯ ದೊರಿ" ಅಂದಳು ಶಾವಂತ್ರವ್ವ. "ಏಳ್ರೀ ದಿವಾನರ, ಮಹಾರಾಜರಿಗೆ ಒಂದು ಮುಜರೆ ಮಾಡ್ರಿ!"

ಭೈರೋಜಿ ಎದ್ದ. ಕೈ ಎತ್ತಿದ. ಹೊಟ್ಟೆಯವರೆಗೆ ಬಂತು, ದಡ್ ಅಂತ ಬಿತ್ತು. ಮತ್ತೆ ಎತ್ತಿದ. ಎದೆಯವರೆಗೆ ಬಂತು, ದಡ್ ಅಂತ ಬಿತ್ತು. ಮೂರನೆಯ ಸಲ ಹಲ್ಲು ಕಚ್ಚಿ ಜೋರಾಗಿ ಎತ್ತಿದ ನೋಡಿ, ಗಡಿಯಾರ ತಲೆಯ ರುಮಾಲಿಗೆ ಬಡಿದು, ರುಮಾಲು ಹಾರಿ, ರಾಜಗುರುಗಳ ಮಜ್ಜಿಗೆ ಬಟ್ಟಲಿಗೆ ಬಿತ್ತು!

ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೊರೆ ಮಾತ್ರ ನಗಲಿಲ್ಲ. "ಇದೇನು ಭೈರೋಜಿ? ದೊಡ್ಡದನ್ನು ಎತ್ತುವವನಿಗೆ ಸಣ್ಣದು ಏಳುವುದಿಲ್ಲವೇ?"

ಶಾವಂತ್ರವ್ವ ಬಂಗಾರದ ಗಡಿಯಾರವನ್ನು ಬಿಚ್ಚಿ ಮೇಲೆ ತೂರಿದಳು. ನಿಂಬೆಹಣ್ಣಿನ ಹಾಗೆ ಹಿಡಿದಳು. "ಇದು ಬೆಂಡು ದೊರಿ. ಬಾಸಿಂಗಕ್ಕ ಹಾಕತಾರಲ್ಲ, ಅದ ಬೆಂಡು. ಮ್ಯಾಲೆ ಬಂಗಾರದ ಬಣ್ಣ ಬಳದಾರ. ಇಲ್ನೋಡ್ರಿ, ಮುಳ್ಳೂ ಬರೆದದ್ದು! ಇದರಾಗ ಯಾವಾಗ್ಲೂ ಊಟದ ಹೊತ್ತ!"

ಭೈರೋಜಿ ದೊಪ್ಪನೆ ಕಾಲಿಗೆ ಬಿದ್ದ. "ಕ್ಷಮಿಸಿ ಮಹಾರಾಜರೇ! ನನ್ನ ಮಣಿಕಟ್ಟು ಸ್ವಲ್ಪ ನಾಜೂಕು."

"ನಿನ್ನದು ನಾಜೂಕು. ನಮ್ಮದೇನು ಒನಕೆಯೇ?"

ದೊರೆ ತನ್ನ ಗಡಿಯಾರ ಬಿಚ್ಚಿದ. ಅಡಿಯಲ್ಲಿ ಚರ್ಮ ಕೆಂಪಗೆ ಕಂದಿತ್ತು. ಎಷ್ಟೋ ದಿನದ ಮೇಲೆ ಕೈ ಹಾಯಾಗಿ ಮೇಲೆದ್ದಿತು. ಅವನಿಗೆ ಸುಖವೂ ಆಯಿತು, ನಾಚಿಕೆಯೂ ಆಯಿತು. "ಶಾವಂತ್ರವ್ವ, ತಪ್ಪು ನನ್ನದೂ ಇದೆ. ನೋವಾಗುತ್ತಿದ್ದರೂ ಸುಮ್ಮನಿದ್ದೆ. ನಿನ್ನನ್ನು ಹೊರಗೆ ಹಾಕಲು ಹೊರಟಿದ್ದೆ" ಅಂದ.

ಅವತ್ತು ಉಳಿದ ರೊಟ್ಟಿಯನ್ನೆಲ್ಲ ಭೈರೋಜಿಯೇ ಬಡಿಯಬೇಕಾಯಿತು. ಕೈಯಲ್ಲಿ ಕಬ್ಬಿಣದ ಗಡಿಯಾರ, ಪಕ್ಕದಲ್ಲಿ ಶಾವಂತ್ರವ್ವ. "ಇನ್ನೊಂದೀಟು ತೆಳ್ಳಗ್ರೀ ದಿವಾನರ, ಇನ್ನೊಂದೀಟು!"

ದೊರೆ ಹೊಸ ಅಪ್ಪಣೆ ಕೊಟ್ಟ. "ಕೈಗಡಿಯಾರ ಬೆಂಡಿನದೂ ಬೇಡ, ಬಂಡೆಯಂಥದೂ ಬೇಡ. ಒಂದು ರೊಟ್ಟಿಗಿಂತ ಭಾರ ಇರಕೂಡದು, ಹೊತ್ತು ಮಾತ್ರ ಸರಿಯಾಗಿ ತೋರಿಸಬೇಕು."

ಗಡಿಯಾರ ಮಾಡುವ ಗಂಗೋಜಿ ಎದ್ದು ನಿಂತು, ಭೈರೋಜಿ ಬಡಿದ ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಮಹಾಪ್ರಭು, ಯಾರು ಬಡಿದ ರೊಟ್ಟಿ?"

"ಶಾವಂತ್ರವ್ವನದು ಕಣಯ್ಯಾ, ಶಾವಂತ್ರವ್ವನದು!" ಅಂತ ಇಡೀ ಸಾಲು ಕೂಗಿತು.

ತಿಳಿಯಿತೇ ಮಕ್ಕಳೇ? ಕೈಗೆ ಕಟ್ಟಿದ್ದು ಕಟ್ಟಿದ್ದೇ ಮರೆತುಹೋಗುವಷ್ಟು ಹಗುರವಾಗಿರಬೇಕು, ನೋಡಿದಾಗ ನಿಜ ಹೇಳಬೇಕು. ಮಾನ ಇರುವುದು ಕೈ ಮಾಡುವ ಕೆಲಸದಲ್ಲಿ, ಕೈ ಹೊರುವ ತೂಕದಲ್ಲಲ್ಲ. ತಾನು ಹೊರಲಾರದ ಭಾರವನ್ನು ಇನ್ನೊಬ್ಬರ ಕೈಗೆ ಕಟ್ಟಿದವನು ಒಂದಲ್ಲ ಒಂದು ದಿನ ಅದನ್ನು ತಾನೇ ಕಟ್ಟಿಕೊಳ್ಳಬೇಕಾಗುತ್ತದೆ.